ನೆಬ್ರಾಸ್ಕಾ ರಾಜ್ಯಕ್ಕೆ ಮಾತ್ರ ಒಂದೇ ಸದನ ಏಕೆ?

ಪ್ರಶ್ನೆ (ತುಂಗಾತೀರ)

ಅಮೆರಿಕದ 50 ರಾಜ್ಯಗಳ ಪೈಕಿ 49ರಲ್ಲಿ ಶಾಸಕಾಂಗಕ್ಕೆ ಎರಡು ಸದನಗಳಿವೆ; ನೆಬ್ರಾಸ್ಕಾ ಮಾತ್ರ ಒಂದೇ ಸದನ ಇಟ್ಟುಕೊಂಡಿದೆ. ಅಲ್ಲಿನ 49 ಸದಸ್ಯರು ಮತಪತ್ರದಲ್ಲಿ ಪಕ್ಷದ ಹೆಸರೇ ಇಲ್ಲದೆ ಆರಿಸಿಬರುತ್ತಾರೆ ಎಂಬುದನ್ನೂ ಓದಿದ್ದೇನೆ. ಕರ್ನಾಟಕದಲ್ಲಿ ವಿಧಾನ ಪರಿಷತ್ತು ಬೇಕೇ ಬೇಡವೇ ಎಂಬ ಚರ್ಚೆ ಆಗಾಗ ಏಳುವುದರಿಂದ ಈ ವಿಷಯವನ್ನು ಚೆನ್ನಾಗಿ ತಿಳಿದುಕೊಳ್ಳಬೇಕೆನಿಸಿತು. ಸಂಪ್ರದಾಯಶೀಲ ಎಂದು ಹೆಸರಾದ ಕೃಷಿ ಪ್ರಧಾನ ರಾಜ್ಯವೊಂದು, ಉಳಿದ ಯಾರೂ ಮುಂದಾಗದ ಇಂಥ ಬದಲಾವಣೆಗೆ ಒಪ್ಪಿದ್ದು ಹೇಗೆ? ಎರಡನೆಯ ಸದನವಿಲ್ಲದ ಮೇಲೆ ಅವಸರದ ಕಾನೂನುಗಳಿಗೆ ಅಲ್ಲಿ ತಡೆ ಯಾವುದು?

ಉತ್ತರ 1 (ಹಳೆಯ ಕಡತ)

ಇದರ ಹಿಂದೆ ಒಬ್ಬ ವ್ಯಕ್ತಿಯ ಹಟವೂ ಇದೆ, ಕೆಟ್ಟ ಕಾಲವೂ ಇದೆ. ಮೆಕುಕ್ ಎಂಬ ಸಣ್ಣ ಊರಿನ ಜಾರ್ಜ್ ನಾರಿಸ್ ಆಗ ವಾಷಿಂಗ್ಟನ್ನಿನಲ್ಲಿ ನೆಬ್ರಾಸ್ಕಾದ ಸೆನೆಟರ್ ಆಗಿದ್ದರು. ರಿಪಬ್ಲಿಕನ್ ಪಕ್ಷದಲ್ಲಿದ್ದುಕೊಂಡೇ ಪಕ್ಷದ ಮುಖಂಡರನ್ನು ಎದುರು ಹಾಕಿಕೊಳ್ಳುತ್ತಿದ್ದವರು ಅವರು. ವರ್ಷಗಟ್ಟಲೆ ಬೆನ್ನುಬಿಡದೆ ಹೋರಾಡಿ 1933ರಲ್ಲಿ, ಅಣೆಕಟ್ಟು ಮತ್ತು ವಿದ್ಯುತ್ ಯೋಜನೆಗಳ ಸರ್ಕಾರಿ ಸಂಸ್ಥೆಯಾದ ಟೆನೆಸ್ಸೀ ಕಣಿವೆ ಪ್ರಾಧಿಕಾರ ಸ್ಥಾಪನೆಯಾಗುವಂತೆ ನೋಡಿಕೊಂಡವರೂ ಅವರೇ. ಬ್ರಿಟನ್ನಿನಲ್ಲಿ ಕುಲೀನರಿಗೊಂದು, ಸಾಮಾನ್ಯರಿಗೊಂದು ಸದನ ಹುಟ್ಟಿಕೊಳ್ಳಲು ಕಾರಣವಿತ್ತು, ಆದರೆ ಅಂಥ ವರ್ಗಭೇದವಿಲ್ಲದ, ಒಂದೇ ಮತದಾರರು ಎರಡೂ ಸದನಗಳನ್ನು ಆರಿಸುವ ರಾಜ್ಯದಲ್ಲಿ ಒಂದೇ ಕೆಲಸವನ್ನು ಎರಡು ಸಲ ಮಾಡಿಸುವುದರಲ್ಲಿ ಅರ್ಥವಿಲ್ಲ ಎಂಬುದು ಅವರ ವಾದವಾಗಿತ್ತು.

ಅವರ ನಿಜವಾದ ಸಿಟ್ಟು ಇದ್ದದ್ದು ಸಂಧಾನ ಸಮಿತಿಗಳ ಮೇಲೆ. ಎರಡು ಸದನಗಳು ಒಂದೇ ಮಸೂದೆಯನ್ನು ಬೇರೆ ಬೇರೆ ರೂಪದಲ್ಲಿ ಒಪ್ಪಿದಾಗ, ಅವನ್ನು ಹೊಂದಿಸಲು ಎರಡೂ ಕಡೆಯ ಕೆಲವೇ ಸದಸ್ಯರು ಬಾಗಿಲು ಹಾಕಿಕೊಂಡು ಕೂರುತ್ತಿದ್ದರು. ಹೊರಗೆ ಬಂದ ಕರಡನ್ನು ಸದನಗಳು ಇದ್ದಂತೆಯೇ ಒಪ್ಪಬೇಕು ಇಲ್ಲವೇ ತಿರಸ್ಕರಿಸಬೇಕು, ತಿದ್ದುವಂತಿರಲಿಲ್ಲ. ಒಳ್ಳೆಯ ಅಂಶವೊಂದನ್ನು ಕಿತ್ತುಹಾಕಿದವರು ಯಾರು, ಕೆಟ್ಟದ್ದನ್ನು ತುರುಕಿದವರು ಯಾರು ಎಂಬುದು ಮತದಾರನಿಗೆ ಎಂದೂ ಗೊತ್ತಾಗುತ್ತಿರಲಿಲ್ಲ. ಹೊಣೆ ಹೊರುವವರು ಕಣ್ಣಿಗೆ ಕಾಣಬೇಕೆಂಬುದೇ ನಾರಿಸ್ ಅವರ ಮೂಲ ಕಾಳಜಿ ಎಂದು ನಾನು ತಿಳಿದಿದ್ದೇನೆ. ವೆಚ್ಚದ ಮಾತು ಆಮೇಲಿನದು.

ಆದರೆ ಜನರನ್ನು ಒಲಿಸಿದ್ದರಲ್ಲಿ ವೆಚ್ಚದ ಪಾಲೂ ಕಡಿಮೆಯದಲ್ಲ. 1934 ಆರ್ಥಿಕ ಕುಸಿತದ ವರ್ಷ, ಧೂಳಿನ ಬಿರುಗಾಳಿಯ ವರ್ಷ. ರಾಜ್ಯದ ಬಹುತೇಕ ಪತ್ರಿಕೆಗಳು ವಿರೋಧಿಸಿದರೂ ನಾರಿಸ್ ಕಾರಿನಲ್ಲಿ ಊರೂರು ಸುತ್ತಿದರು. ಎರಡು ಸೆಟ್ ಟೈರು ಸವೆಸಿದರೆಂದು ಅಲ್ಲಿನವರು ಇಂದಿಗೂ ಹೇಳುತ್ತಾರೆ. ನವೆಂಬರಿನಲ್ಲಿ 2,86,086 ಮತಗಳು ಪರವಾಗಿಯೂ 1,93,152 ವಿರುದ್ಧವಾಗಿಯೂ ಬಿದ್ದವು. ಮದ್ಯನಿಷೇಧ ತೆಗೆಯುವ ಮತ್ತು ಕುದುರೆ ಜೂಜಿಗೆ ಅವಕಾಶ ಕೊಡುವ ಪ್ರಸ್ತಾವಗಳೂ ಅದೇ ಮತಪತ್ರದಲ್ಲಿದ್ದುದು ನೆರವಾಯಿತು ಎನ್ನುವವರಿದ್ದಾರೆ. 1937ರ ಜನವರಿಯಲ್ಲಿ ಏಕಸದನ ಮೊದಲ ಬಾರಿಗೆ ಸೇರಿದಾಗ 133 ಶಾಸಕರ ಜಾಗದಲ್ಲಿ 43 ಮಂದಿ ಇದ್ದರು, ಅಧಿವೇಶನದ ವೆಚ್ಚ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ರಾಜಧಾನಿ ಲಿಂಕನ್ನಿನ ಶಾಸನಭವನದ ನಿರ್ಮಾಣ 1932ರಲ್ಲಷ್ಟೇ ಮುಗಿದಿದ್ದು, ಅದರಲ್ಲಿ ಎರಡು ಸದನಗಳಿಗೂ ಸಭಾಂಗಣಗಳಿದ್ದವು. ಪಶ್ಚಿಮದ್ದು ಬಳಕೆಯಲ್ಲಿ ಉಳಿಯಿತು. ಪೂರ್ವದ ಸಭಾಂಗಣದಲ್ಲಿ ಸದನ ಸೇರುವುದು ನಿಂತುಹೋಯಿತು.

ಉತ್ತರ 2 (ಕಾನೂನು ವಿದ್ಯಾರ್ಥಿ)

ವಿಧಾನ ಪರಿಷತ್ತಿನ ಹೋಲಿಕೆಯ ಬಗ್ಗೆ ಒಂದು ಮಾತು. ನಮ್ಮ ಪರಿಷತ್ತು ಸಾಮಾನ್ಯ ಮಸೂದೆಯೊಂದನ್ನು ಮೊದಲು ಮೂರು ತಿಂಗಳು, ವಿಧಾನಸಭೆ ಮತ್ತೆ ಅಂಗೀಕರಿಸಿ ಕಳಿಸಿದ ಮೇಲೆ ಒಂದು ತಿಂಗಳು ತಡೆಹಿಡಿಯಬಹುದೇ ಹೊರತು ಬಿದ್ದುಹೋಗುವಂತೆ ಮಾಡಲಾರದು. ಅಮೆರಿಕದ ರಾಜ್ಯಗಳಲ್ಲಾದರೋ ಮೇಲ್ಮನೆಯ ಒಪ್ಪಿಗೆ ಇಲ್ಲದೆ ಯಾವ ಮಸೂದೆಯೂ ಕಾನೂನಾಗುವುದಿಲ್ಲ. ನಾರಿಸ್ ಎದುರಿಸಿದ್ದು ಸರಿಸಮಾನ ಬಲದ ಎರಡು ಸದನಗಳ ಜಗ್ಗಾಟವನ್ನು. ಆದ್ದರಿಂದ ಅವರ ವಾದವನ್ನು ನೇರವಾಗಿ ಇಲ್ಲಿಗೆ ತಂದು ಹೊಂದಿಸುವುದು ಸರಿಯಾಗಲಾರದು.

ಉತ್ತರ 3 (ಓಮಾಹಾ ನಿವಾಸಿ)

ನಿಮ್ಮ ಎರಡನೆಯ ಪ್ರಶ್ನೆಗೆ ಇಲ್ಲಿನವರ ಸಿದ್ಧ ಉತ್ತರವೊಂದಿದೆ: ಇಲ್ಲಿ ಎರಡನೆಯ ಸದನವೆಂದರೆ ಜನರೇ. ಕೇಳಲು ಘೋಷಣೆಯಂತಿದ್ದರೂ ನಿಯಮಾವಳಿಯಲ್ಲಿ ಇದಕ್ಕೆ ಆಧಾರವಿದೆ. ಸಮಿತಿಗೆ ಹೋದ ಪ್ರತಿಯೊಂದು ಮಸೂದೆಗೂ ಸಾರ್ವಜನಿಕ ವಿಚಾರಣೆ ನಡೆಯಲೇಬೇಕು. ಬಹಳಷ್ಟು ರಾಜ್ಯಗಳಲ್ಲಿ ಸಮಿತಿಯ ಅಧ್ಯಕ್ಷರಿಗೆ ಬೇಡವಾದ ಮಸೂದೆ ಕಡತದಲ್ಲೇ ಸಾಯುತ್ತದೆ. ಇಲ್ಲಿ ಅದಕ್ಕೆ ಕನಿಷ್ಠ ಒಂದು ದಿನದ ಬೆಳಕಾದರೂ ಸಿಗುತ್ತದೆ. ಅಂಥ ವಿಚಾರಣೆಗಳಿಗೆ ನಾನು ಹೋಗಿ ಕುಳಿತಿದ್ದೇನೆ. ಮಾತನಾಡಬಯಸುವವರು ಬಾಗಿಲ ಬಳಿ ಇಟ್ಟಿರುವ ಹಾಳೆ ತುಂಬಿ, ಸರದಿ ಬಂದಾಗ ಶಾಸಕರ ಎದುರಿನ ಮೇಜಿಗೆ ಹೋಗಿ ಕೂರುತ್ತಾರೆ. ದಾಖಲೆಗೆಂದು ಮೊದಲು ತಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಬೇಕು. ಮೇಜಿನ ಮೇಲಿನ ಪುಟ್ಟ ದೀಪ ಹಸಿರಿನಿಂದ ಹಳದಿಗೆ, ಹಳದಿಯಿಂದ ಕೆಂಪಿಗೆ ತಿರುಗುವಷ್ಟರಲ್ಲಿ ಮಾತು ಮುಗಿಸಬೇಕು. ಕಂಪನಿಯ ವಕೀಲರಿಗೂ ಅದೇ ಕುರ್ಚಿ, ಅದೇ ದೀಪ. ಸ್ಯಾಂಡ್‌ಹಿಲ್ಸ್‌ನಿಂದ ನಾಲ್ಕೈದು ಗಂಟೆ ಕಾರು ಓಡಿಸಿಕೊಂಡು ಬಂದ ದನ ಸಾಕುವವರಿಗೂ ಅದೇ.

ಆನಂತರ ಸದನದಲ್ಲಿ ಮಸೂದೆ ಮೂರು ಸುತ್ತಿನ ಮತ ದಾಟಬೇಕು. ಚರ್ಚೆಯನ್ನು ಎಳೆದು ತಡೆಯುವ ಹಕ್ಕು ಅಲ್ಪಸಂಖ್ಯಾತ ಸದಸ್ಯರಿಗಿದ್ದು, ಅದನ್ನು ಮುರಿಯಲು 33 ಮತಗಳು ಬೇಕು. ಇದೆಲ್ಲ ಸಾಲದಾದಾಗ ಮತದಾರರು ಸಹಿ ಸಂಗ್ರಹಿಸಿ ಕಾನೂನನ್ನೇ ಮತಪತ್ರಕ್ಕೆ ಎಳೆಯಬಹುದು. 2015ರಲ್ಲಿ ಸದನವು ಗವರ್ನರ್ ಪೀಟ್ ರಿಕೆಟ್ಸ್ ಅವರ ವೀಟೊವನ್ನು ಸರಿಯಾಗಿ ಬೇಕಿದ್ದ 30 ಮತಗಳಿಂದ ತಳ್ಳಿಹಾಕಿ ಮರಣದಂಡನೆಯನ್ನು ರದ್ದುಮಾಡಿತು. 2016ರಲ್ಲಿ ಜನರು ಮತ ಹಾಕಿ ಆ ಶಿಕ್ಷೆಯನ್ನು ಮರಳಿ ತಂದರು. ಆ ತೀರ್ಪು ನನಗೆ ಇಂದಿಗೂ ನೋವಿನದು. ಆದರೂ ಜನರಿಗಿರುವ ಆ ಅಧಿಕಾರ ಇರಲೇಬೇಕೆಂದು ನಾನು ನಂಬುತ್ತೇನೆ.

ತುಂಗಾತೀರ

ಎಲ್ಲರಿಗೂ ಧನ್ಯವಾದಗಳು. ಪಕ್ಷಾತೀತತೆ ನಿಜವಾಗಿಯೂ ಉಳಿದಿದೆಯೇ, ಅಥವಾ ಹೆಸರಿಗಷ್ಟೇ ಇದೆಯೇ ಎಂಬುದನ್ನು ಯಾರಾದರೂ ವಿವರಿಸುವಿರಾ?

ಉತ್ತರ 4 (ಪ್ಲಾಟ್ ನದಿ)

ಅರ್ಧದಷ್ಟು ಉಳಿದಿದೆ ಎನ್ನುವುದು ನ್ಯಾಯ. ಯಾರು ಯಾವ ಪಕ್ಷದವರು ಎಂಬುದು ಎಲ್ಲರಿಗೂ ಗೊತ್ತು. ಮೂರನೇ ಎರಡರಷ್ಟು ಸದಸ್ಯರು ರಿಪಬ್ಲಿಕನ್ನರು, ಚುನಾವಣೆಗೆ ಹಣವೂ ಪಕ್ಷಗಳಿಂದ ಹರಿದುಬರುತ್ತದೆ. ಆದರೆ ಸದನದೊಳಗೆ ಪಕ್ಷಗಳಿಗೆ ಅಧಿಕೃತ ನಾಯಕರಿಲ್ಲ, ವಿಪ್ ಇಲ್ಲ. ಸ್ಪೀಕರ್ ಮತ್ತು ಸಮಿತಿಗಳ ಅಧ್ಯಕ್ಷರನ್ನು ಸದಸ್ಯರು ಗುಪ್ತ ಮತದಿಂದ ಆರಿಸುವುದರಿಂದ ಅಲ್ಪಸಂಖ್ಯಾತ ಪಕ್ಷದವರೂ ಅಧ್ಯಕ್ಷರಾದದ್ದುಂಟು. ಈ ಗುಪ್ತ ಮತವನ್ನು ತೆಗೆದುಹಾಕುವ ಯತ್ನಗಳೂ ನಡೆದಿವೆ. ಅದು ಹೋದರೆ ಪಕ್ಷಾತೀತತೆಯ ಬೆನ್ನೆಲುಬೇ ಮುರಿದಂತೆ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಒಳ್ಳೆಯ ಪರೀಕ್ಷೆ ನಡೆದದ್ದು ಅಧ್ಯಕ್ಷೀಯ ಮತಗಳ ವಿಷಯದಲ್ಲಿ. ಮೇನ್ ಮತ್ತು ನೆಬ್ರಾಸ್ಕಾ ಎರಡೇ ರಾಜ್ಯಗಳು ತಮ್ಮ ಎಲೆಕ್ಟೋರಲ್ ಮತಗಳನ್ನು (ದೇಶದ ಅಧ್ಯಕ್ಷರನ್ನು ಆರಿಸಲು ಪ್ರತಿ ರಾಜ್ಯಕ್ಕೆ ನಿಗದಿಯಾದ ಮತಗಳು) ಕಾಂಗ್ರೆಸ್ ಕ್ಷೇತ್ರವಾರು ಹಂಚುತ್ತವೆ. ನೆಬ್ರಾಸ್ಕಾದಲ್ಲಿ ಇದು 1992ರ ಚುನಾವಣೆಯಿಂದ ಜಾರಿಯಲ್ಲಿದೆ. ಹಾಗಾಗಿ ರಾಜ್ಯವು ರಿಪಬ್ಲಿಕನ್ನರ ಪಾಲಾದರೂ ಓಮಾಹಾ ಕ್ಷೇತ್ರದ ಒಂದು ಮತ 2008ರಲ್ಲಿ ಒಬಾಮಾ, 2020ರಲ್ಲಿ ಬೈಡನ್, 2024ರಲ್ಲಿ ಹ್ಯಾರಿಸ್ ಅವರಿಗೆ ಹೋಯಿತು. 2024ರ ಚುನಾವಣೆಗೆ ಮುನ್ನ ಈ ಪದ್ಧತಿಯನ್ನು ರದ್ದುಪಡಿಸುವಂತೆ ರಾಷ್ಟ್ರಮಟ್ಟದ ನಾಯಕರಿಂದಲೇ ಒತ್ತಡ ಬಂದಿತು. ಓಮಾಹಾದ ಶಾಸಕ ಮೈಕ್ ಮ್ಯಾಕ್‌ಡಾನಲ್ ಅದೇ ವರ್ಷ ಡೆಮಾಕ್ರಟಿಕ್ ಪಕ್ಷ ಬಿಟ್ಟು ರಿಪಬ್ಲಿಕನ್ ಆಗಿದ್ದರೂ, ಚುನಾವಣೆಯ ಹೊಸ್ತಿಲಲ್ಲಿ ನಿಯಮ ಬದಲಿಸಲು ಒಪ್ಪಲಿಲ್ಲ. 2025ರಲ್ಲಿ ಮಸೂದೆ ಮತ್ತೆ ಸದನಕ್ಕೆ ಬಂದಾಗಲೂ ಚರ್ಚೆಯನ್ನು ಮುಗಿಸಲು ಬೇಕಾದ 33 ಮತಗಳು ಒದಗಲಿಲ್ಲ.

ಕೊರತೆಗಳನ್ನೂ ಹೇಳಬೇಕು. ಶಾಸಕರ ಸಂಬಳ 1988ರಿಂದ ವರ್ಷಕ್ಕೆ 12,000 ಡಾಲರ್. ಇಷ್ಟರಲ್ಲಿ ಬದುಕಲು ಸಾಧ್ಯವಿಲ್ಲದ್ದರಿಂದ ನಿವೃತ್ತರು, ಸ್ಥಿತಿವಂತರು, ಸ್ವಂತ ಉದ್ಯೋಗವುಳ್ಳವರು ಮಾತ್ರ ಸ್ಪರ್ಧಿಸುವಂತಾಗಿದೆ. ಸತತ ಎರಡು ಅವಧಿಗಳ ಮಿತಿಯನ್ನು 2000ದಲ್ಲಿ ಮತದಾರರೇ ತಂದರು. ಅದರ ಪರಿಣಾಮವಾಗಿ, ಉತ್ತರ ಓಮಾಹಾದ ಕಪ್ಪು ಸಮುದಾಯದ ಪರವಾಗಿ ದಶಕಗಳ ಕಾಲ ಏಕಾಂಗಿಯಾಗಿ ಹೋರಾಡಿದ ಅರ್ನೀ ಚೇಂಬರ್ಸ್ ಅವರಂಥವರು ಕೂಡ ಮಧ್ಯದಲ್ಲಿ ಹೊರಗುಳಿಯಬೇಕಾಯಿತು. ಎಂಟು ವರ್ಷಕ್ಕೆ ಶಾಸಕರು ಮನೆಗೆ ಹೋಗುವಾಗ ನಿಯಮಗಳ ಒಳಹೊರಗು ಬಲ್ಲವರಾಗಿ ಉಳಿಯುವವರು ಲಾಬಿ ಮಾಡುವವರು. ಒಂದೇ ಸದನವಿರುವ ಕಡೆ ಈ ಅಸಮತೋಲನ ಇನ್ನಷ್ಟು ಅಪಾಯಕಾರಿ ಎಂಬ ಆತಂಕ ನನ್ನದು. ಸಂಬಳ ಹೆಚ್ಚಿಸುವ ಪ್ರಸ್ತಾವಕ್ಕೂ ಮತದಾರರ ಒಪ್ಪಿಗೆಯೇ ಬೇಕಾಗಿರುವುದರಿಂದ ಅದು ಬೇಗ ಸರಿಹೋಗುವ ಲಕ್ಷಣ ಕಾಣುತ್ತಿಲ್ಲ.