ರೌಟರಿನಲ್ಲಿರುವ ಕ್ರ್ಯಾಶ್ ಫೈಲ್‌ಗಳನ್ನು ಅಳಿಸಿಬಿಡಲಾ?

ದೇವಿಮನೆ_ಘಟ್ಟ:
ನಮಸ್ಕಾರ. ಶಿರಸಿಯಲ್ಲಿ ಒಂದು ಸಣ್ಣ ಇಂಟರ್ನೆಟ್ ಸಂಸ್ಥೆಯ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಮುಖ್ಯ ರೌಟರಿನಲ್ಲಿ ಐಒಎಸ್ ಎಕ್ಸ್‌ಇ (ಸಿಸ್ಕೋ ಕಂಪನಿಯ ರೌಟರ್ ಸಾಫ್ಟ್‌ವೇರ್) ಇದೆ. ಹೊಸ ಇಮೇಜ್ (ಆ ಸಾಫ್ಟ್‌ವೇರಿನ ಫೈಲ್) ಹಾಕೋಣ ಅಂತ ಹೊರಟರೆ ರೌಟರಿನ ಒಳಗಿನ ಸ್ಟೋರೇಜ್ ಆದ ಬೂಟ್‌ಫ್ಲಾಶ್‌ನಲ್ಲಿ ಜಾಗವೇ ಇಲ್ಲ. ನೋಡಿದರೆ ಕ್ರ್ಯಾಶ್‌ಇನ್ಫೋ ಅಂತ ಶುರುವಾಗುವ ಫೈಲ್‌ಗಳು ಒಂದಷ್ಟು, ಕೋರ್ ಫೋಲ್ಡರಿನಲ್ಲಿ ದೊಡ್ಡ ದೊಡ್ಡ ಜಿಜಿಪ್ (ಕುಗ್ಗಿಸಿದ) ಫೈಲ್‌ಗಳು. ಮಳೆಗಾಲದಲ್ಲಿ ಕರೆಂಟ್ ಹೋಗೋದು ಬರೋದು ನಡೆದೇ ಇರುತ್ತದೆ, ಯುಪಿಎಸ್ ಬ್ಯಾಟರಿಯೂ ಹಳತಾಗಿದೆ, ಇವೆಲ್ಲ ಅದರಿಂದಲೇ ಆಗಿದ್ದು ಅಂತ ಆಫೀಸಿನಲ್ಲಿ ಹೇಳುತ್ತಾರೆ. ಎಲ್ಲ ಅಳಿಸಿಬಿಡಲಾ?

ಕಾಳಿ_ಸೇತುವೆ:
ಈಗಲೇ ಬೇಡ ಮಾರಾಯ್ರೆ. ಕರೆಂಟ್ ಹೋದರೆ ಕ್ರ್ಯಾಶ್ ಫೈಲ್ ಹುಟ್ಟುವುದಿಲ್ಲ, ಅದನ್ನು ಬರೆಯುವುದಕ್ಕೂ ರೌಟರಿಗೆ ಕರೆಂಟ್ ಬೇಕಲ್ವಾ? ಶೋ ವರ್ಷನ್ ಕಮಾಂಡ್ ಕೊಟ್ಟು 'ಲಾಸ್ಟ್ ರೀಲೋಡ್ ರೀಸನ್' ಸಾಲು ನೋಡಿ. ಕೊನೆಯ ಸಲ ಕರೆಂಟಿನಿಂದಲೇ ರೀಬೂಟ್ ಆಗಿದ್ದರೆ ಅಲ್ಲಿ ಪವರ್ ಆನ್ ಅಂತ ಇರುತ್ತದೆ. ಕೋರ್ ಫೈಲ್ ಇದೆ ಅಂದರೆ ರೌಟರ್ ಚಾಲೂ ಇದ್ದಾಗಲೇ ಯಾವುದೋ ಪ್ರೋಸೆಸ್ (ಒಳಗೆ ಓಡುವ ಪ್ರೋಗ್ರಾಂ) ಬಿದ್ದಿದೆ ಅಂತ ಅರ್ಥ. ಆ ಕಾರಣ ಹುಡುಕುವುದಕ್ಕೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಇದೇ.

ಎರಡೂ ಒಂದೇ ಅಲ್ಲ. ಕ್ರ್ಯಾಶ್‌ಇನ್ಫೋ ಸಣ್ಣದು, ಅದರಲ್ಲಿ ಓದಲು ಬರುವ ಅಕ್ಷರಗಳೇ ಇರುತ್ತವೆ. ಬೀಳುವ ಮುಂಚಿನ ಲಾಗ್, ಟ್ರೇಸ್‌ಬ್ಯಾಕ್ (ಬೀಳುವ ಹೊತ್ತಿಗೆ ಪ್ರೋಗ್ರಾಂ ಎಲ್ಲಿತ್ತು ಅನ್ನುವ ಜಾಡು) ಎಲ್ಲ ಸಿಗುತ್ತದೆ. ಮೋರ್ ಕಮಾಂಡ್ ಕೊಟ್ಟರೆ ರೌಟರಿನಲ್ಲೇ ಓದಬಹುದು. ಜಾಗ ತಿನ್ನುವುದು ಕೋರ್ ಫೈಲ್. ಅದು ಬಿದ್ದ ಪ್ರೋಸೆಸ್‌ನ ಮೆಮೊರಿಯ ಪೂರ್ತಿ ನಕಲು, ನಮಗೆ ಓದಲು ಬರುವುದಿಲ್ಲ, ಕಂಪನಿಯ ಸಪೋರ್ಟಿನವರಿಗೇ ಬೇಕು.

ಮೊದಲು ಎರಡನ್ನೂ ಹೊರಗೆ ಕಾಪಿ ಮಾಡಿ, ಎಸ್‌ಸಿಪಿ ಅಥವಾ ಎಫ್‌ಟಿಪಿಯಲ್ಲಿ (ನೆಟ್‌ವರ್ಕ್ ಮೂಲಕ ಫೈಲ್ ಕಳಿಸುವ ವಿಧಾನಗಳು). ಟಿಎಫ್‌ಟಿಪಿ ಬೇಡ. ಅದರಲ್ಲಿ ಮಾಮೂಲಿಯಾಗಿ ಒಂದು ಬ್ಲಾಕ್ (ಒಮ್ಮೆ ಕಳಿಸುವ ತುಂಡು) 512 ಬೈಟ್, ಬ್ಲಾಕ್ ನಂಬರ್ 65,535ಕ್ಕೆ ಮುಗಿಯುತ್ತದೆ, ಹಾಗಾಗಿ ಹಳೆಯ ಸರ್ವರ್‌ಗಳಲ್ಲಿ 32 ಎಂಬಿ ಹತ್ತಿರ ಬಂದು ನಿಂತುಬಿಡುತ್ತದೆ. ಆಮೇಲೆ ರೌಟರಿನಲ್ಲಿ ವೆರಿಫೈ ಎಂಡಿ5 ಕಮಾಂಡ್ (ಫೈಲಿನ ಗುರುತಿನ ಸಂಖ್ಯೆ ಲೆಕ್ಕ ಹಾಕುವುದು) ಕೊಟ್ಟು, ಬಂದ ಸಂಖ್ಯೆಯನ್ನು ಕಾಪಿಯದ್ದರ ಜೊತೆ ಹೋಲಿಸಿ. ಸರಿ ಇದ್ದರೆ ಕೋರ್ ಫೈಲ್ ಧೈರ್ಯವಾಗಿ ತೆಗೀರಿ.

ದೇವಿಮನೆ_ಘಟ್ಟ:
ತುಂಬಾ ಥ್ಯಾಂಕ್ಸ್. ಪಿಕೆಜಿ ಅಂತ ಕೊನೆಯಾಗುವ ಫೈಲ್‌ಗಳೂ ಬಹಳ ಜಾಗ ಹಿಡಿದಿವೆ, ಅವು?

ಕಾಳಿ_ಸೇತುವೆ:
ಅಯ್ಯೋ, ಅವನ್ನು ಕೈಯಿಂದ ಮುಟ್ಟಲೇಬೇಡಿ. ಇನ್‌ಸ್ಟಾಲ್ ಮೋಡ್‌ನಲ್ಲಿದ್ದರೆ (ಇಮೇಜನ್ನು ಬಿಡಿ ಪ್ಯಾಕೇಜ್‌ಗಳಾಗಿ ಬಿಚ್ಚಿಟ್ಟು ಬಳಸುವ ಕ್ರಮ) ರೌಟರ್ ಬೂಟ್ ಆಗುವುದೇ ಅವುಗಳಿಂದ. ಆ ಪ್ಯಾಕೇಜ್‌ಗಳ ಪಟ್ಟಿ ಇರುವ ಪ್ಯಾಕೇಜಸ್ ಡಾಟ್ ಕಾನ್ಫ್ ಫೈಲಿಗೂ ಇದೇ ಮಾತು. ಬಳಕೆಯಲ್ಲಿ ಇಲ್ಲದ ಹಳೇ ಪ್ಯಾಕೇಜ್ ತೆಗೆಯಲು ಬೇರೆ ಕ್ಲೀನ್ ಕಮಾಂಡ್ ಇದೆ, ನಿಮ್ಮ ವರ್ಷನ್‌ನ ಕೈಪಿಡಿ ನೋಡಿ ಅದನ್ನೇ ಬಳಸಿ.

ಹೊನ್ನಾವರ_ಬಂದರು:
ಎರಡು ಮಾತು ಸೇರಿಸುತ್ತೇನೆ. ಕೋರ್ ಫೈಲ್ ಅಂದರೆ ಮೆಮೊರಿ, ಅದರಲ್ಲಿ ಪಾಸ್‌ವರ್ಡ್, ಕೀ ಏನು ಬೇಕಾದರೂ ಇರಬಹುದು. ದಯವಿಟ್ಟು ವಾಟ್ಸಾಪ್ ಗುಂಪಿಗೆ ಹಾಕಿ 'ಯಾರಾದ್ರೂ ನೋಡಿ' ಅನ್ನಬೇಡಿ. ನಮ್ಮ ಕಡೆ ಇದು ಜಾಸ್ತಿ ಆಗಿದೆ, ನನಗೆ ನಿಜವಾಗಿ ಭಯ ಆಗುತ್ತದೆ. ಗಿರಾಕಿಗಳ ವಿಷಯ ಅದು.

ಇನ್ನೊಂದು ಗಡಿಯಾರ. ಕ್ರ್ಯಾಶ್ ಫೈಲಿನ ಹೆಸರಿನಲ್ಲೇ ದಿನಾಂಕ, ಸಮಯ ಬರುತ್ತದೆ. ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಸರಿ ಇಡುವ ವ್ಯವಸ್ಥೆ) ಹಾಕಿರದಿದ್ದರೆ ಅದು ತಪ್ಪಾಗಿರಬಹುದು, ಆಗ ರೌಟರ್ ಬಿದ್ದ ಹೊತ್ತನ್ನೂ ಲಾಗ್ ಸಂಗ್ರಹಿಸುವ ಸಿಸ್‌ಲಾಗ್ ಸರ್ವರಿನ ಸಾಲನ್ನೂ ತಾಳೆ ಹಾಕಲು ಆಗುವುದಿಲ್ಲ. ಹೊಸ ಇಮೇಜ್ ಹಾಕುವ ಮುಂಚೆ ಎನ್‌ಟಿಪಿ ಸರಿ ಮಾಡಿ, ಆಮೇಲೆ ಮುಂದುವರಿಯಿರಿ.