ಡಿಸೈನ್ ಬಗ್ಗೆ ವಿಮರ್ಶೆ ಬರೆಯುವಾಗ ಪ್ರಬಂಧವನ್ನು ಹೇಗೆ ಕಟ್ಟೋದು?

ಗೆರೆಬಿಂದು:

ಎಲ್ಲರಿಗೂ ನಮಸ್ಕಾರ. ನಾನು ಗ್ರಾಫಿಕ್ ಡಿಸೈನ್ ವಿದ್ಯಾರ್ಥಿ. ಈ ಸೆಮಿಸ್ಟರ್‌ನಲ್ಲಿ ಯಾವುದಾದರೂ ಒಂದು ವಿನ್ಯಾಸದ ಮೇಲೆ 2000 ಪದಗಳ ವಿಮರ್ಶಾ ಪ್ರಬಂಧ ಬರೆಯಬೇಕು. ನಾನು ಆರಿಸಿಕೊಂಡಿರುವುದು 1972ರ ನ್ಯೂಯಾರ್ಕ್ ಸಬ್‌ವೇ (ನೆಲದಡಿಯ ರೈಲು) ನಕ್ಷೆ, ವಿನ್ಯಾಸಕಾರ ಮಾಸ್ಸಿಮೊ ವಿನ್ಯೆಲ್ಲಿ ಅವರದ್ದು. ಓದಿದ್ದು ಬೇಕಾದಷ್ಟಿದೆ, ಬರೆಯೋಕೆ ಕೂತರೆ ಕೈ ಓಡಲ್ಲ.

ನಾನು ಹಾಕಿಕೊಂಡ ಚೌಕಟ್ಟು ಹೀಗಿದೆ: ಪೀಠಿಕೆ, ವಿನ್ಯಾಸಕಾರರ ಪರಿಚಯ, ನಕ್ಷೆಯ ಹಿನ್ನೆಲೆ, ಬಣ್ಣ ಮತ್ತು ಅಕ್ಷರ, ಒಳ್ಳೆಯ ಅಂಶಗಳು, ಕೊರತೆಗಳು, ಉಪಸಂಹಾರ. ಗೈಡ್ ಇದನ್ನು ನೋಡಿ, "ಇದು ವರದಿ ಕಣಪ್ಪಾ, ವಿಮರ್ಶೆ ಅಲ್ಲ" ಅಂದುಬಿಟ್ಟರು. ಯಾಕೆ ಅಂತ ಬಿಡಿಸಿ ಹೇಳಲಿಲ್ಲ. ಒಳ್ಳೆಯದು, ಕೆಟ್ಟದ್ದು ಎರಡೂ ಹೇಳ್ತಾ ಇದ್ದೀನಲ್ಲ, ಇನ್ನೇನು ಬೇಕು? ಬರೆದು ಅನುಭವ ಇರುವವರು ದಯವಿಟ್ಟು ಹೇಳಿ.

ಕೆಂಪುಪೆನ್ನು:

ನಿಮ್ಮ ಗೈಡ್ ಹೇಳಿದ್ದರಲ್ಲಿ ತಪ್ಪೇನಿಲ್ಲ. ಆ ಪಟ್ಟಿಯಿಂದ ನಕ್ಷೆಯನ್ನು ತೆಗೆದು ಅಲ್ಲೊಂದು ಕುರ್ಚಿ ಇಟ್ಟು ನೋಡಿ. ಒಂದಕ್ಷರವೂ ಬದಲಾಗಲ್ಲ. ಅಂದ ಮೇಲೆ ಆ ಪಟ್ಟಿ ಮಾಡಲು ನೀವು ನಕ್ಷೆಯನ್ನು ನೋಡಲೇಬೇಕಾಗಿರಲಿಲ್ಲ, ಅಲ್ವಾ?

ಡಿಸೈನ್ ಲೇಖನಗಳನ್ನು ತಿದ್ದುವುದು ನನ್ನ ಹೊಟ್ಟೆಪಾಡು. ನನ್ನ ಮೇಜಿಗೆ ಬರುವ ಬರಹಗಳಲ್ಲಿ ಹೆಚ್ಚಿನವು "ಇಂಥವರು ಇಂಥ ಊರಲ್ಲಿ ಹುಟ್ಟಿದರು" ಅಂತಲೇ ಶುರುವಾಗುತ್ತವೆ. ವಿನ್ಯೆಲ್ಲಿ 1931ರಲ್ಲಿ ಮಿಲಾನ್‌ನಲ್ಲಿ ಹುಟ್ಟಿದ್ದು ನಿಜ. ಪ್ಲಾಟ್‌ಫಾರ್ಮ್ ಮೇಲೆ ನಕ್ಷೆ ಮುಂದೆ ನಿಂತವನಿಗೆ ಅದರಿಂದ ಆಗಬೇಕಾದ್ದೇನು?

ಮೊದಲು ಜಗಳ ಎಲ್ಲಿದೆ ಅಂತ ಹುಡುಕಿ. ವಸ್ತುವಿಗೂ ಅದನ್ನು ಬಳಸುವವರಿಗೂ ನಡುವೆ ಒಂದು ಜಾಗದಲ್ಲಿ ತಿಕ್ಕಾಟ ಇದ್ದೇ ಇರುತ್ತದೆ. ನಿಮ್ಮ ಅದೃಷ್ಟಕ್ಕೆ ಈ ನಕ್ಷೆಯಲ್ಲಿ ಅದನ್ನು ಬೆರಳಿಟ್ಟು ತೋರಿಸಬಹುದು. ನ್ಯೂಯಾರ್ಕಿನ ನಡುಭಾಗವಾದ ಮ್ಯಾನ್‌ಹಟನ್‌ನ 50ನೇ ಸ್ಟ್ರೀಟ್ ನೋಡಿ. ಬ್ರಾಡ್‌ವೇ, ಎಂಟನೇ ಅವೆನ್ಯೂ ಎರಡೂ ಅದನ್ನು ದಾಟುವ ರಸ್ತೆಗಳು, ಎರಡರ ಕೆಳಗೂ ರೈಲು ಓಡುತ್ತೆ. ಆ ಬೀದಿಯಲ್ಲಿ ಬ್ರಾಡ್‌ವೇ ಲೈನಿಗೆ ಒಂದು ನಿಲ್ದಾಣ, ಎಂಟನೇ ಅವೆನ್ಯೂ ಲೈನಿಗೆ ಇನ್ನೊಂದು. ನಿಜವಾದ ಊರಿನಲ್ಲಿ ಅಲ್ಲಿ ಬ್ರಾಡ್‌ವೇ ಇರುವುದು ಎಂಟನೇ ಅವೆನ್ಯೂಗಿಂತ ಪೂರ್ವಕ್ಕೆ. ನಕ್ಷೆಯಲ್ಲಿ ಅದು ಪಶ್ಚಿಮಕ್ಕೆ ಹೋಗಿ ಕೂತಿದೆ. ಗೆರೆಗಳು ನೇರಕ್ಕೆ ಇಲ್ಲವೇ 45 ಡಿಗ್ರಿ ಓರೆಗೆ ಮಾತ್ರ ಓಡಬೇಕು ಅನ್ನುವ ನಿಯಮಕ್ಕೆ ಬಿದ್ದ ನಕ್ಷೆ ಇದು. ಅಂದವಾದ ನಿಯಮವೇ. ಆದರೆ ದಿನಾ ಆ ಬೀದಿಯಲ್ಲಿ ಓಡಾಡುವವನು ಇದನ್ನು ನೋಡಿ "ಇದ್ಯಾವ ಊರಪ್ಪಾ" ಅನ್ನದೆ ಇರ್ತಾನಾ? ನಿಮ್ಮ ಪ್ರಬಂಧ ಶುರುವಾಗಬೇಕಾದ್ದು ಇಲ್ಲಿಂದ.

ಎರಡನೆಯದು, ನಿಮ್ಮ ವಾದ ಏನು? "ನಕ್ಷೆ ಸುಂದರವಾಗಿದೆ, ಆದರೂ ಕೆಲವು ಕೊರತೆಗಳಿವೆ" ಅನ್ನುವುದು ವಾದ ಅಲ್ಲ. ಇದಕ್ಕೆ ಯಾರೂ ಇಲ್ಲ ಅನ್ನೋದಿಲ್ಲ. ಒಬ್ಬನಾದರೂ "ಹಾಗೇನಿಲ್ಲ ಬಿಡಿ" ಅಂತ ಎದ್ದು ನಿಲ್ಲುವಂತಿರಬೇಕು. ಉದಾಹರಣೆಗೆ: "ಭೂಗೋಳವನ್ನು ಅರ್ಧ ಬಿಟ್ಟು ಅರ್ಧ ಉಳಿಸಿಕೊಂಡಿದ್ದರಿಂದ ಈ ನಕ್ಷೆ ಸೋತಿತು." ಇದಕ್ಕೆ ಸಾಕ್ಷಿ ನಕ್ಷೆಯಲ್ಲೇ ಇದೆ. ಮ್ಯಾನ್‌ಹಟನ್‌ನ ದೊಡ್ಡ ಉದ್ಯಾನ ಸೆಂಟ್ರಲ್ ಪಾರ್ಕ್ ಸುಮಾರು 4 ಕಿಲೋಮೀಟರ್ ಉದ್ದ, 800 ಮೀಟರ್ ಅಗಲದ ಪಟ್ಟಿ. ನಕ್ಷೆಯಲ್ಲಿ ಅದು ಬೂದು ಬಣ್ಣದ ಚೌಕ. ನೀರು ನೀಲಿ ಅಲ್ಲ, ತಿಳಿಗಂದು ಬಣ್ಣ. ಪಾರ್ಕು, ನೀರು ಎರಡನ್ನೂ ಪೂರ್ತಿ ಕೈಬಿಟ್ಟಿದ್ದರೆ ಜನ ಇದನ್ನು ಬರೀ ಲೈನುಗಳ ಚಿತ್ರ ಅಂತ ಒಪ್ಪಿಕೊಳ್ಳುತ್ತಿದ್ದರೇನೋ. ಇಟ್ಟಿದ್ದರಿಂದ ಊರಿನ ಜೊತೆ ತಾಳೆ ನೋಡಿದರು. ತಾಳೆ ಆಗಲಿಲ್ಲ.

ನೀವು ಇದೇ ವಾದ ಇಟ್ಟುಕೊಳ್ಳಬೇಕು ಅಂತಿಲ್ಲ. ಇದಕ್ಕೆ ಎದುರು ವಾದ ಮಾಡಿದರೆ ನನಗಿನ್ನೂ ಖುಷಿ.

ಈಗ ಕಟ್ಟುವ ವಿಷಯ. ಚೌಕಟ್ಟನ್ನು ಮೊದಲೇ ಕೊರೆದಿಟ್ಟುಕೊಳ್ಳಬೇಡಿ. ವಾದವನ್ನು ಒಂದು ಸಾಲಲ್ಲಿ ಬರೆದು, ಓದುವವನು ಅದಕ್ಕೆ ಏನು ಕೇಳ್ತಾನೆ ಅಂತ ಯೋಚಿಸಿ. ಅವನ ಪ್ರಶ್ನೆಗಳು ಬರುವ ಕ್ರಮದಲ್ಲೇ ನಿಮ್ಮ ಪ್ಯಾರಾಗಳು ಬರಲಿ. ಮೊದಲ ಪ್ರಶ್ನೆ ಖಂಡಿತ ಲಂಡನ್. 1933ರಲ್ಲಿ ಬಂದ, ಹ್ಯಾರಿ ಬೆಕ್ ಮಾಡಿದ ಅಲ್ಲಿನ ನೆಲದಡಿಯ ರೈಲಿನ ನಕ್ಷೆಯೂ ಊರನ್ನು ಎಳೆದು ತಿರುಚಿದ್ದೇ, ಅದನ್ನು ಜನ ತಲೆ ಮೇಲಿಟ್ಟುಕೊಂಡರಲ್ಲ? ಇಲ್ಲಿ ಅವಸರ ಮಾಡಬೇಡಿ, ಪ್ರಬಂಧದ ತಿರುಳು ಇದೇ. ಲಂಡನ್ ಬೀದಿಗಳು ಅಡ್ಡಾದಿಡ್ಡಿ. ನೆಲದ ಮೇಲಿನ ದಿಕ್ಕು ಅಲ್ಲಿಯವರ ತಲೆಯಲ್ಲೂ ಅಷ್ಟು ಗಟ್ಟಿ ಇರಲ್ಲ. ನಕ್ಷೆ ಸುಳ್ಳು ಹೇಳಿದರೆ ಹಿಡಿಯೋದು ಕಷ್ಟ. ಮ್ಯಾನ್‌ಹಟನ್ ಹಾಗಲ್ಲ. ಅಲ್ಲಿ ಹೆಚ್ಚಿನ ಬೀದಿಗಳಿಗೆ ನಂಬರ್ ಇದೆ, ಉತ್ತರಕ್ಕೆ ಹೋದಂತೆ ನಂಬರ್ ಏರುತ್ತದೆ. ಒಂದು ನಂಬರ್ ಹೇಳಿದರೆ ಸಾಕು, ಎಷ್ಟು ದೂರ ನಡೀಬೇಕು ಅಂತ ಜನಕ್ಕೆ ಗೊತ್ತು. ನಕ್ಷೆ ಅಲ್ಲಿ ಒಂದಿಂಚು ಜಾರಿದರೂ ಸಿಕ್ಕಿಬೀಳುತ್ತದೆ.

ಇತಿಹಾಸ ಇಲ್ಲಿ ಬರಲಿ, ಬೇಕಾದಷ್ಟೇ. ಪ್ರತ್ಯೇಕ ಅಧ್ಯಾಯ ಬೇಡ.

ಖಾಲಿಹಾಳೆ:

ಕೆಂಪುಪೆನ್ನು ಸರ್ ಹೇಳಿದ್ದರಲ್ಲಿ ಬಹುಪಾಲು ಒಪ್ತೀನಿ, ಒಂದಕ್ಕೆ ತಕರಾರಿದೆ. ಜಗಳದಿಂದಲೇ ಶುರು ಮಾಡಿದರೆ ನಕ್ಷೆ ನೋಡದೇ ಇರುವವನ ಗತಿ ಏನು? ಅವನಿಗೆ ವಸ್ತು ಕಣ್ಣಿಗೆ ಕಟ್ಟುವ ಮೊದಲೇ ತೀರ್ಪು ಬಂದುಬಿಡುತ್ತದೆ. ಒಂದು ಪ್ಯಾರಾ ಬರೀ ವರ್ಣನೆಗೆ ಮೀಸಲಿಡಿ ಅಂತೀನಿ. ಮೆಚ್ಚುಗೆ ಬೇಡ, ದೂರೂ ಬೇಡ. ಪ್ರತಿ ರೈಲು ಸೇವೆಗೂ ಒಂದು ಬಣ್ಣದ ಗೆರೆ, ಒಂದೇ ಹಳಿ ಮೇಲೆ ಮೂರು ಸೇವೆ ಓಡಿದರೆ ಪಕ್ಕಪಕ್ಕದಲ್ಲಿ ಮೂರು ಗೆರೆ, ಆ ರೈಲು ನಿಲ್ಲುವ ಕಡೆಯಲ್ಲೆಲ್ಲ ಅದರ ಗೆರೆ ಮೇಲೊಂದು ಕಪ್ಪು ಚುಕ್ಕೆ. ಚುಕ್ಕೆ ಇದ್ದರೆ ನಿಲ್ಲುತ್ತೆ, ಇಲ್ಲದಿದ್ದರೆ ನಿಲ್ಲಲ್ಲ. ಇಷ್ಟು ಹೇಳಿದರೂ ಸಾಕು. ನಾನು ದಿನಾ ಸೈನೇಜ್ (ದಾರಿ ತೋರಿಸುವ ಫಲಕ) ಮಾಡುವವನು. ಆ ಚುಕ್ಕೆ ಎಂಥಾ ಕೆಲಸ ಅಂತ ನಮ್ಮಂಥವರನ್ನು ಕೇಳಿ. ಎಕ್ಸ್‌ಪ್ರೆಸ್ ಎಲ್ಲಿ ನಿಲ್ಲುತ್ತೆ, ಲೋಕಲ್ ಎಲ್ಲಿ ನಿಲ್ಲುತ್ತೆ ಅನ್ನುವುದಕ್ಕೆ ಒಂದು ಪದವೂ ಖರ್ಚಾಗಿಲ್ಲ. ದೂರುವವರು ಇದನ್ನು ಸುಮ್ನೆ ದಾಟಿಕೊಂಡು ಹೋಗ್ತಾರೆ.

ಇನ್ನೊಂದು ಮಾತು. "ವಿನ್ಯೆಲ್ಲಿಯ ನಕ್ಷೆ" ಅಂತ ಬರೆದು ಮುಂದೆ ಹೋಗಬೇಡಿ. ಅದು ಯುನಿಮಾರ್ಕ್ ಇಂಟರ್‌ನ್ಯಾಷನಲ್ ಅನ್ನುವ ಸಂಸ್ಥೆಯಿಂದ ಬಂದ ಕೆಲಸ. ಅಲ್ಲಿ ನಕ್ಷೆಯನ್ನು ಕೂತು ರೂಪಿಸಿದವರಲ್ಲಿ ಜೋನ್ ಚಾರಿಸಿನ್ ಅನ್ನುವ ವಿನ್ಯಾಸಕಿ ಇದ್ದರು. ಸಬ್‌ವೇ ಫಲಕಗಳ ಕೆಲಸದಲ್ಲಿ ವಿನ್ಯಾಸಕಾರ ಬಾಬ್ ನೋರ್ಡಾ ವಿನ್ಯೆಲ್ಲಿ ಜೊತೆಗಿದ್ದರು. ಒಬ್ಬ ಮಹಾಪುರುಷನ ತಲೆಯಿಂದ ಇಳಿದು ಬಂತು ಅಂತ ಬರೆದರೆ ಪ್ರಬಂಧ ವ್ಯಕ್ತಿಪೂಜೆಗೆ ಜಾರುತ್ತೆ.

ಕೆಂಪುಪೆನ್ನು:

ವರ್ಣನೆಗೆ ಒಂದು ಪ್ಯಾರಾ, ಒಪ್ಪಿದೆ. ಆದರೆ ಅದು ಎರಡನೇ ಪ್ಯಾರಾ ಆಗಲಿ. ಮೊದಲು ಓದುವವನಿಗೆ ನೋಡಲು ಒಂದು ಕಾರಣ ಕೊಡಿ, ಆಮೇಲೆ ನೋಡಿಸಿ. ಚುಕ್ಕೆಯ ಮಾತು ಚೆನ್ನಾಗಿದೆ. ನಕ್ಷೆ ಕಿತ್ತುಕೊಂಡದ್ದಕ್ಕೆ ಬದಲಾಗಿ ಪ್ರಯಾಣಿಕನಿಗೆ ಏನು ಕೊಟ್ಟಿತು ಅನ್ನುವ ಜಾಗದಲ್ಲಿ ಅದು ಕೂರಬೇಕು. "ಒಳ್ಳೆಯ ಅಂಶಗಳು" ಅನ್ನುವ ಮೂಲೆಗೆ ತಳ್ಳಿದರೆ ಸತ್ತೇ ಹೋಗುತ್ತೆ.

ಹಳೇಮೇಷ್ಟ್ರು:

ನಾನು ಒಂದೇ ಒಂದು ಕೇಳ್ತೀನಿ ಮಗೂ. ಯಾವ ಅಳತೆಗೋಲಿನಿಂದ ಅಳೀತೀಯಾ? ಈ ನಕ್ಷೆ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಸಂಗ್ರಹದಲ್ಲಿದೆ. ಅದೇ ನಕ್ಷೆಯನ್ನು 1979ರಲ್ಲಿ ನಿಲ್ದಾಣಗಳಿಂದ ತೆಗೆದು ಬೇರೆ ನಕ್ಷೆ ಹಾಕಿದರು. ಗೋಡೆ ಮೇಲೆ ಪಾಸು, ಪ್ಲಾಟ್‌ಫಾರ್ಮ್ ಮೇಲೆ ಫೇಲು. ಎರಡೂ ಬೇರೆ ಬೇರೆ ಪರೀಕ್ಷೆ. ನಿನ್ನ ಪರೀಕ್ಷೆ ಯಾವುದು ಅಂತ ಮೊದಲ ಪುಟದಲ್ಲೇ ಹೇಳಿಬಿಡು. ನಡುವೆ ಅಳತೆಗೋಲು ಬದಲಾಯಿಸಿದರೆ ಯಾವ ಪರೀಕ್ಷಕನೂ ಬಿಡಲ್ಲ.

ಗೆರೆಬಿಂದು:

ಎಲ್ಲರಿಗೂ ತುಂಬಾ ಧನ್ಯವಾದ. ಈಗ ಸ್ವಲ್ಪ ದಾರಿ ಕಾಣ್ತಾ ಇದೆ. ಮೊದಲ ಪ್ಯಾರಾ ಹೀಗೆ ಬರೆದಿದ್ದೇನೆ, ನೋಡಿ ಹೇಳಿ:

"ವಿಶ್ವದ ಅತ್ಯಂತ ಪ್ರಸಿದ್ಧ ವಿನ್ಯಾಸಗಳಲ್ಲಿ ಒಂದಾದ 1972ರ ನ್ಯೂಯಾರ್ಕ್ ಸಬ್‌ವೇ ನಕ್ಷೆಯು ತನ್ನ ಸರಳತೆ ಹಾಗೂ ಸೌಂದರ್ಯದಿಂದ ಎಲ್ಲರ ಗಮನ ಸೆಳೆದಿದೆ. ಆದಾಗ್ಯೂ ಇದು ಹಲವು ಟೀಕೆಗಳಿಗೂ ಗುರಿಯಾಗಿದೆ. 50ನೇ ಸ್ಟ್ರೀಟ್‌ನ ನಿಲ್ದಾಣಗಳ ಸ್ಥಾನ ಅದಲುಬದಲಾಗಿರುವುದು ಇದಕ್ಕೆ ಉತ್ತಮ ಉದಾಹರಣೆ. ಈ ಪ್ರಬಂಧದಲ್ಲಿ ನಕ್ಷೆಯ ಸಾಧಕ-ಬಾಧಕಗಳನ್ನು ಚರ್ಚಿಸಲಾಗುವುದು."

ಕೆಂಪುಪೆನ್ನು:

ಮೊದಲ ವಾಕ್ಯ ಹೊಡೆದು ಹಾಕಿ. ಪ್ರಸಿದ್ಧ ಅಂತ ಹೇಳುವುದರಿಂದ ವಾದಕ್ಕೆ ಏನೂ ಸಿಗಲ್ಲ. "ಎಲ್ಲರ ಗಮನ" ಅಂತೂ ಬೇಡವೇ ಬೇಡ. ಎರಡನೆಯದರಲ್ಲಿ ಟೀಕೆ ಮಾಡಿದವರು ಯಾರು, ಏನಂದರು ಅಂತಿಲ್ಲ. ಅದನ್ನೂ ಹೊಡೀರಿ. ಕೊನೆಯ ವಾಕ್ಯ ವರದಿಯಿಂದ ಬಂದದ್ದು, ಅದರಿಂದಾಗಿಯೇ ನಿಮ್ಮ ಗೈಡ್ ಗೊಣಗಿದ್ದು. ಉಳಿಯುವುದು ಮೂರನೆಯದು. ಅದನ್ನು ಉದಾಹರಣೆ ಮಾಡಿ ಮೂಲೆಗೆ ಕೂರಿಸಿದ್ದೀರಿ. ಎಳೆದು ಮುಂದೆ ತನ್ನಿ:

"50ನೇ ಸ್ಟ್ರೀಟ್‌ನಲ್ಲಿ ಬ್ರಾಡ್‌ವೇ ನಿಲ್ದಾಣ ಎಂಟನೇ ಅವೆನ್ಯೂ ನಿಲ್ದಾಣದ ಪೂರ್ವಕ್ಕಿದೆ. 1972ರ ಸಬ್‌ವೇ ನಕ್ಷೆಯಲ್ಲಿ ಪಶ್ಚಿಮಕ್ಕಿದೆ. ರೈಲಿನೊಳಗೆ ಕೂತವನಿಗೆ ಇದರಿಂದ ಏನೂ ತೊಂದರೆಯಿಲ್ಲ, ಅವನು ಎರಡೂ ನಿಲ್ದಾಣಗಳನ್ನು ಸರಿಯಾಗಿಯೇ ತಲುಪುತ್ತಾನೆ. ತೊಂದರೆ ಶುರುವಾಗುವುದು ಮೆಟ್ಟಿಲು ಹತ್ತಿ ಬೀದಿಗೆ ಬಂದ ಮೇಲೆ. ಈ ನಕ್ಷೆ ಎಲ್ಲಿಯವರೆಗೆ ಪ್ರಯಾಣಿಕನ ಜೊತೆಗಿರಬೇಕಿತ್ತು?"

ನೋಡಿ, ಕೊನೆಯಲ್ಲಿ ಬಂದ ಪ್ರಶ್ನೆಯೇ ಮೇಷ್ಟ್ರು ಕೇಳಿದ ಅಳತೆಗೋಲು. ಇನ್ನು ಮುಂದಿನ ಪ್ಯಾರಾಗಳು ಅದಕ್ಕೆ ಉತ್ತರ ಕೊಡಬೇಕು. ಕೊಡದ ಪ್ಯಾರಾ ಎಷ್ಟೇ ಚೆನ್ನಾಗಿದ್ದರೂ ತೆಗೀರಿ. ಇದನ್ನೇ ನಕಲು ಮಾಡಬೇಡಿ ಮತ್ತೆ, ನಿಮ್ಮ ಮಾತಲ್ಲಿ ಬರೀರಿ.

ಎದುರು ವಾದವನ್ನು ಗಟ್ಟಿಯಾಗಿ ಕೂರಿಸಿ. ವಿನ್ಯೆಲ್ಲಿ ಆಮೇಲೆ ಹೇಳಿಕೊಂಡಂತೆ ಈ ನಕ್ಷೆ ಒಂಟಿಯಾಗಿ ಇರಬೇಕಾದ್ದೇ ಅಲ್ಲ. ಪಕ್ಕದಲ್ಲಿ ಊರಿನ ಭೂಗೋಳ ತೋರಿಸುವ ನಕ್ಷೆ, ನಿಲ್ದಾಣದ ಸುತ್ತಲಿನ ಬೀದಿಗಳ ನಕ್ಷೆ ಇವೂ ಇರಬೇಕಿತ್ತು. ಇದು ನಿಮ್ಮ ವಾದಕ್ಕೆ ಬೀಳುವ ದೊಡ್ಡ ಏಟು. ಸಾಮಾನ್ಯವಾಗಿ ವಿದ್ಯಾರ್ಥಿಗಳು ಇಂಥದ್ದನ್ನು ಕೊನೆಗೆ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನೀವು ನಡುವೆ ತಂದು ಪೂರ್ತಿ ಜಾಗ ಕೊಡಿ. ವಿನ್ಯೆಲ್ಲಿ ಮಾತು ಒಪ್ಪಿದರೂ ಒಂದು ಪ್ರಶ್ನೆ ಉಳಿಯುತ್ತೆ: ಬೀದಿ ತೋರಿಸುವ ಕೆಲಸ ಬೇರೆ ನಕ್ಷೆಯದ್ದಾದರೆ ಇದರಲ್ಲಿ ಪಾರ್ಕ್ ಯಾಕಿತ್ತು?

ಗೆರೆಬಿಂದು:

ಸರ್, ಕೊನೆ ಹೇಗೆ? 2025ರಲ್ಲಿ ನ್ಯೂಯಾರ್ಕ್ ಮತ್ತೆ ಇದೇ ಥರದ ನೇರ ಗೆರೆಗಳ ನಕ್ಷೆ ತಂದಿದೆ. "ಕೊನೆಗೂ ವಿನ್ಯೆಲ್ಲಿ ಗೆದ್ದರು" ಅಂತ ಮುಗಿಸಲಾ? ಚಿತ್ರ ಎಷ್ಟು ಹಾಕಬೇಕು?

ಖಾಲಿಹಾಳೆ:

ಗೆದ್ದರು ಅನ್ನೋದಕ್ಕೆ ಮುಂಚೆ ಎರಡೂ ನಕ್ಷೆ ಪಕ್ಕಪಕ್ಕ ಇಟ್ಟು ಬಣ್ಣ ನೋಡಿ. 1972ರಲ್ಲಿ ಸೇವೆಗೊಂದು ಬಣ್ಣ ಇತ್ತು. ಮ್ಯಾನ್‌ಹಟನ್‌ನಲ್ಲಿ ಒಂದೇ ಮುಖ್ಯ ಹಳಿ ಹಿಡಿಯುವ ಸೇವೆಗಳಿಗೆಲ್ಲ ಒಂದೇ ಬಣ್ಣ ಅನ್ನುವ ಪದ್ಧತಿ ಬಂದದ್ದು 1979ರ ನಕ್ಷೆಯಲ್ಲಿ, ಮೈಕಲ್ ಹರ್ಟ್ಜ್ ಅವರ ಸಂಸ್ಥೆ ಮಾಡಿದ್ದು. ಜಾನ್ ಟೌರಾನಾಕ್ ಅದರ ಸಮಿತಿಯ ಅಧ್ಯಕ್ಷರು. 2025ರ ನಕ್ಷೆ ಗೆರೆಗಳನ್ನು ವಿನ್ಯೆಲ್ಲಿ ಥರ ಬಿಡಿಬಿಡಿಯಾಗಿ ಓಡಿಸುತ್ತೆ, ಬಣ್ಣ ಮಾತ್ರ 1979ರ ಪದ್ಧತಿಯದ್ದು. ಸೋತ ಪಾರ್ಟಿ ಯಾವುದು ಅಂತ ಹೇಳ್ತೀರಾ?

ಕೆಂಪುಪೆನ್ನು:

ಇದೇ ನಿಮ್ಮ ಕೊನೆಯ ಪ್ಯಾರಾ, ಖಾಲಿಹಾಳೆ ಅವರು ಪುಕ್ಕಟೆ ಕೊಟ್ಟಿದ್ದಾರೆ. ಬಣ್ಣದ ವಿಷಯ ಹೇಳಿ ಅಲ್ಲಿಗೆ ಬಿಟ್ಟುಬಿಡಿ. "ಒಟ್ಟಿನಲ್ಲಿ ಹೇಳಬೇಕೆಂದರೆ" ಅಂತ ಹಿಂದಿನದನ್ನೆಲ್ಲ ಮತ್ತೆ ಎಣಿಸೋಕೆ ಹೋಗಬೇಡಿ.

ಚಿತ್ರ ಮೂರಕ್ಕಿಂತ ಜಾಸ್ತಿ ಬೇಡ. ಇಡೀ ನಕ್ಷೆ ಒಂದು, 50ನೇ ಸ್ಟ್ರೀಟ್ ಸುತ್ತಲಿನ ತುಣುಕನ್ನು ದೊಡ್ಡದು ಮಾಡಿ ಒಂದು, ಅದೇ ಜಾಗದ ಬೀದಿ ನಕ್ಷೆ ಒಂದು. ಕೊನೆಯ ಎರಡು ಒಂದೇ ಪುಟದಲ್ಲಿ, ಒಂದೇ ಅಳತೆಯಲ್ಲಿ ಇರಲಿ. ಚಿತ್ರದ ಕೆಳಗೆ "ಚಿತ್ರ 2: ನಕ್ಷೆಯ ಭಾಗ" ಅಂತ ಬರೆದು ಕೈ ತೊಳೆದುಕೊಳ್ಳಬೇಡಿ, ಯಾವ ಚುಕ್ಕೆ ನೋಡಬೇಕು ಅಂತ ಅಲ್ಲೇ ಹೇಳಿ. ಮುಂದಿನ ಡ್ರಾಫ್ಟ್ ಆದಾಗ ಇಲ್ಲೇ ಹಾಕಿ, ಪೆನ್ನು ರೆಡಿ ಇದೆ.