ದುಡ್ಡು ಕೊಟ್ಟ ಮೇಲೆ ಷರತ್ತು ತೋರಿಸುವುದು ಯಾವ ನ್ಯಾಯ?

ಹಳೇ ಮೌಸ್:
ಕಳೆದ ವಾರ ಫೋಟೋ ತಿದ್ದುವ ಒಂದು ಸಾಫ್ಟ್‌ವೇರ್ ತಗೊಂಡೆ. ಕಂಪನಿ ಹೆಸರು ಬೇಡ ಬಿಡಿ. ಡಬ್ಬದ ಮೇಲೆ ಚೆಂದದ ಚಿತ್ರ, ಏನೇನು ಮಾಡಬಹುದು ಅನ್ನುವ ಪಟ್ಟಿ, ಒಂದು ಮೂಲೆಯಲ್ಲಿ ಇರುವೆಯಷ್ಟು ಅಕ್ಷರದಲ್ಲಿ ‘ಲೈಸೆನ್ಸ್ ಒಪ್ಪಂದ ಒಳಗಿದೆ’. ಮನೆಗೆ ತಂದು ಸೀಲ್ ಒಡೆದು ಇನ್‌ಸ್ಟಾಲ್‌ಗೆ ಹಾಕಿದರೆ ಆಗ ಬಂತು ಮಾರುದ್ದದ ಒಪ್ಪಂದ. ಒಂದೇ ಕಂಪ್ಯೂಟರಿಗೆ ಮಾತ್ರ. ಇನ್ನೊಬ್ಬರಿಗೆ ಮಾರುವ ಹಾಗಿಲ್ಲ. ದುಡ್ಡು ತಗೊಂಡು ಮಾಡುವ ಕೆಲಸಕ್ಕೆ ಬಳಸುವ ಹಾಗಿಲ್ಲ. ನಾನು ತಗೊಂಡಿದ್ದೇ ಅದಕ್ಕೆ!

‘ಒಪ್ಪುವುದಿಲ್ಲ’ ಒತ್ತಿದೆ. ಸೀಲ್ ಒಡೆದ ಡಬ್ಬ ವಾಪಸ್ ತಗೊಳ್ಳುವುದಿಲ್ಲ ಅಂದರು ಅಂಗಡಿಯವರು. ಕಂಪನಿಗೆ ಬರೆದರೆ ಅಂಗಡಿಯಲ್ಲೇ ಕೇಳಿ ಅಂದರು. ಸೀಲ್ ಒಡೆಯದೆ ಷರತ್ತು ಓದಲು ಆಗಲ್ಲ, ಒಡೆದರೆ ವಾಪಸ್ ಕೊಡಲು ಆಗಲ್ಲ. ಇದು ವ್ಯಾಪಾರವೋ ಇಲಿಬೋನೋ?

ಸೆಮಿಕೋಲನ್:
ನಿಮ್ಮ ಸಿಟ್ಟು ಸರಿಯೇ. ಆದರೆ ನಾನೂ ಒಂದು ಸಣ್ಣ ಸಾಫ್ಟ್‌ವೇರ್ ಬರೆದು ಮಾರುವವನು, ಈ ಕಡೆಯ ಮಾತನ್ನೂ ಸ್ವಲ್ಪ ಕೇಳಿ. ಲೈಸೆನ್ಸ್ ಇಲ್ಲದಿದ್ದರೆ ನನ್ನ ಪ್ರೋಗ್ರಾಮಿನಿಂದ ಯಾರದೋ ಫೈಲ್ ಹಾಳಾದಾಗ ಅವರ ನಷ್ಟವೆಲ್ಲ ನನ್ನ ತಲೆಗೇ ಬರಬಹುದು. ಹತ್ತು ಪುಟದ ಷರತ್ತನ್ನು ಡಬ್ಬದ ಮೇಲೆ ಅಚ್ಚು ಹಾಕುವುದು ಎಲ್ಲಿ?

1996ರಲ್ಲಿ ಅಮೆರಿಕದ ಒಂದು ಮೇಲ್ಮನವಿ ಕೋರ್ಟ್ ಇದನ್ನೇ ಹೇಳಿತು. ಪ್ರೊಸಿಡಿ ಅನ್ನುವ ಕಂಪನಿಯ ಪ್ರಕರಣ ಅಂತ. 3000ಕ್ಕೂ ಹೆಚ್ಚು ಟೆಲಿಫೋನ್ ಡೈರೆಕ್ಟರಿಗಳ ಮಾಹಿತಿ ಸೇರಿಸಿ ಆ ಕಂಪನಿ ಸಿಡಿ ಮಾಡಿತ್ತು. ಮನೆಯಲ್ಲಿ ಬಳಸುವವರಿಗೆ ಕಡಿಮೆ ಬೆಲೆ, ವ್ಯಾಪಾರಿಗಳಿಗೆ ಜಾಸ್ತಿ. ಒಬ್ಬಾತ ಕಡಿಮೆ ಬೆಲೆಯದ್ದು ತಗೊಂಡು, ಅದರೊಳಗಿನ ಮಾಹಿತಿಯನ್ನು ಇಂಟರ್ನೆಟ್‌ನಲ್ಲಿ ಮಾರಲು ಕೂತ. ಡಬ್ಬದ ಒಳಗಿನ ಷರತ್ತು ಅವನಿಗೂ ಅನ್ವಯಿಸುತ್ತದೆ ಅಂತ ತೀರ್ಪು ಬಂತು. ವಿಮೆ, ವಿಮಾನದ ಟಿಕೆಟ್, ಇವುಗಳಲ್ಲೂ ಮೊದಲು ದುಡ್ಡು, ವಿವರವಾದ ಷರತ್ತು ಆಮೇಲೆ ತಾನೇ? ಆ ಷರತ್ತು ನಿಲ್ಲದಿದ್ದರೆ ಎಲ್ಲರಿಗೂ ಒಂದೇ ಬೆಲೆ ಇಡಬೇಕಾಗುತ್ತದೆ, ಅದೂ ದುಬಾರಿ ಬೆಲೆ.

ಓದುಗಣ್ಣು:
ಸೆಮಿಕೋಲನ್ ಅವರೇ, ಆ ತೀರ್ಪನ್ನು ಅರ್ಧಕ್ಕೇ ನಿಲ್ಲಿಸಿಬಿಟ್ಟಿರಲ್ಲ. ಅದು ನಿಂತಿದ್ದು ಎರಡು ಕಾಲಿನ ಮೇಲೆ. ಒಂದು, ಒಳಗೆ ಷರತ್ತು ಇದೆ ಅಂತ ಡಬ್ಬದ ಮೇಲೆ ಬರೆದಿತ್ತು. ಎರಡು, ಷರತ್ತು ಹಿಡಿಸದಿದ್ದರೆ ವಾಪಸ್ ಕೊಟ್ಟು ದುಡ್ಡು ಪಡೆಯಬಹುದಿತ್ತು. ಹಳೇ ಮೌಸ್ ವಿಷಯದಲ್ಲಿ ಎರಡನೇ ಕಾಲೇ ಇಲ್ಲ! ವಾಪಸ್ ಕೊಡುವ ದಾರಿ ಇದ್ದರೆ ತಡವಾಗಿ ತೋರಿಸಿದ್ದನ್ನು ಹೇಗೋ ಸಹಿಸಬಹುದು, ಅದೂ ಇಲ್ಲ ಅಂದರೆ ಅದಕ್ಕೆ ಒಪ್ಪಿಗೆ ಅನ್ನುವ ಹೆಸರೇ ಸಲ್ಲದು.

ಅದಕ್ಕೂ ಮೊದಲು, 1991ರಲ್ಲಿ, ಇನ್ನೊಂದು ಮೇಲ್ಮನವಿ ಕೋರ್ಟ್ ಸ್ಟೆಪ್‌-ಸೇವರ್ ಪ್ರಕರಣದಲ್ಲಿ ತದ್ವಿರುದ್ಧ ಹೇಳಿತ್ತು. ಫೋನಿನಲ್ಲೇ ಆರ್ಡರ್ ಆಗಿ ವ್ಯಾಪಾರ ಕುದುರಿಬಿಟ್ಟಿತ್ತು, ಆಮೇಲೆ ಬಂದ ಡಬ್ಬದ ಮೇಲೆ ‘ನಮ್ಮ ಜವಾಬ್ದಾರಿ ಇಲ್ಲ’ ಅನ್ನುವ ಧಾಟಿಯ ಷರತ್ತುಗಳಿದ್ದವು. ಕೋರ್ಟ್ ಅವನ್ನು ಒಪ್ಪಂದದ ಭಾಗ ಅಂತ ಒಪ್ಪಲಿಲ್ಲ. ಅಂದರೆ ನ್ಯಾಯಾಧೀಶರಲ್ಲೇ ಒಮ್ಮತ ಇಲ್ಲ, ನೀವು ನಿಮಗೆ ಬೇಕಾದ್ದನ್ನು ಮಾತ್ರ ತಂದಿದ್ದೀರಿ.

ಮೂರನೇ ಬೆಂಚು:
ಸುಮ್ನೆ ಇಷ್ಟೆಲ್ಲ ಯಾಕೆ? ಮೊದಲೇ ತೋರಿಸಿದರೂ ಯಾರು ಓದುತ್ತಾರೆ? 2010ರ ಏಪ್ರಿಲ್ 1ರಂದು ಗೇಮ್‌ಸ್ಟೇಷನ್ ಅನ್ನುವ ಬ್ರಿಟಿಷ್ ಗೇಮ್ ಅಂಗಡಿ ತನ್ನ ಆನ್‌ಲೈನ್ ಷರತ್ತಿನಲ್ಲಿ ‘ನಿಮ್ಮ ಆತ್ಮ ನಮ್ಮದು’ ಅಂತ ತಮಾಷೆಗೆ ಸೇರಿಸಿತ್ತು. ಸುಮಾರು 7,500 ಜನ ಆತ್ಮ ಬರೆದುಕೊಟ್ಟರು. ನಾನಿದ್ದರೆ ನಾನೂ ಕೊಡುತ್ತಿದ್ದೆ 😄

ಹಳೇ ಮೌಸ್:
ಓದದೇ ಇರುವುದು ನನ್ನ ಸೋಮಾರಿತನ, ಅದರ ನಷ್ಟ ನನಗೇ ಇರಲಿ. ಓದಲು ಬಿಡದೇ ಇರುವುದು ಅವರ ಕೆಲಸ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಎಲ್ಲರೂ ಓದಬೇಕಿಲ್ಲ, ನೂರಕ್ಕೆ ಒಬ್ಬರು ಕೊಳ್ಳುವ ಮೊದಲು ಓದಿ ‘ಇದರಲ್ಲಿ ಹೀಗಿದೆ ನೋಡಿ’ ಅಂತ ನಾಲ್ಕು ಕಡೆ ಬರೆದರೆ ಉಳಿದವರಿಗೆ ಸಾಕು. ಈಗ ಆ ಒಬ್ಬರಿಗೂ ದಾರಿ ಇಲ್ಲ.

ಸೆಮಿಕೋಲನ್:
ಆ ಮಾತು ಒಪ್ಪುತ್ತೇನೆ. ಆದರೆ ಡಬ್ಬದ ಕಾಲ ಮುಗೀತಾ ಬಂತು. ಈಗ ಜಾಸ್ತಿ ಡೌನ್‌ಲೋಡೇ, ಷರತ್ತು ಪುಟದಲ್ಲೇ ಇರುತ್ತೆ.

ಓದುಗಣ್ಣು:
ಪುಟದಲ್ಲಿ ಎಲ್ಲಿ ಅನ್ನುವುದೇ ಪ್ರಶ್ನೆ. ನೆಟ್‌ಸ್ಕೇಪ್ ಅನ್ನುವ ಬ್ರೌಸರ್ ಕಂಪನಿ ಹೀಗೇ ಸಿಕ್ಕಿಬಿತ್ತು. ಸ್ಮಾರ್ಟ್‌ಡೌನ್‌ಲೋಡ್ ಅನ್ನುವ ಅವರ ಪ್ರೋಗ್ರಾಮಿನ ಡೌನ್‌ಲೋಡ್ ಬಟನ್ ಮೇಲೆ, ಷರತ್ತಿನ ಮಾತು ಕೆಳಗೆ. ಸ್ಕ್ರಾಲ್ ಮಾಡಿದರಷ್ಟೇ ಕಾಣುವುದು. 2002ರಲ್ಲಿ ಕೋರ್ಟ್ ಹೇಳಿದ್ದು, ಬಟನ್ ಒತ್ತಿದ್ದನ್ನೇ ಒಪ್ಪಿಗೆ ಅನ್ನಲಾಗದು ಅಂತ.

ವಾಪಸ್ ಕೊಡುವ ಮಾತೂ ಎಷ್ಟು ಪೊಳ್ಳು ಅಂತೀರಿ. ‘ಒಪ್ಪದಿದ್ದರೆ ಹಿಂದಿರುಗಿಸಿ’ ಅಂತ ವಿಂಡೋಸ್ ಒಪ್ಪಂದದಲ್ಲೇ ಇತ್ತು. ಅದನ್ನು ನಂಬಿ 1999ರ ಫೆಬ್ರವರಿ 15ರಂದು ವಿಂಡೋಸ್ ಬದಲು ಲಿನಕ್ಸ್ ಬಳಸುವವರು ಕ್ಯಾಲಿಫೋರ್ನಿಯಾದ ಮೈಕ್ರೋಸಾಫ್ಟ್ ಕಚೇರಿಗೆ ಗುಂಪಾಗಿ ಹೋದರು, ಕಂಪ್ಯೂಟರ್ ಜೊತೆಗೇ ಬಂದಿದ್ದ, ತಾವು ಬಳಸದ ವಿಂಡೋಸ್‌ನ ದುಡ್ಡು ಕೊಡಿ ಅಂತ. ಕಂಪ್ಯೂಟರ್ ತಯಾರಿಸಿದವರನ್ನು ಕೇಳಿ ಅನ್ನುವುದೇ ಉತ್ತರ. ಹಳೇ ಮೌಸ್ ಅವರಿಗೆ ಸಿಕ್ಕ ಉತ್ತರ ಹೊಸದೇನಲ್ಲ ಅಂತಾಯ್ತು.

ಮೂರನೇ ಬೆಂಚು:
ಕಾನೂನು ಬದಲಾಗಿಲ್ವಾ ಹಾಗಾದ್ರೆ?

ಓದುಗಣ್ಣು:
ಅಲ್ಲಲ್ಲಿ ಸ್ವಲ್ಪ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ ಡಿಜಿಟಲ್ ಗೇಮ್, ಸಿನಿಮಾ, ಪುಸ್ತಕ ಮಾರುವವರು, ಕೊಡುತ್ತಿರುವುದು ಬರೀ ಲೈಸೆನ್ಸ್ (ಬಳಸುವ ಅನುಮತಿ ಮಾತ್ರ) ಆಗಿದ್ದರೆ ಅದನ್ನು ಸ್ಪಷ್ಟವಾಗಿ ಹೇಳದೆ ‘ಕೊಳ್ಳಿ’ ಅನ್ನುವ ಪದ ಬಳಸುವ ಹಾಗಿಲ್ಲ. ಪೂರ್ತಿ ಪರಿಹಾರ ಅಲ್ಲ, ಆದರೆ ಹೇಳಬೇಕಾದ್ದನ್ನು ದುಡ್ಡು ಕೊಡುವ ಮೊದಲೇ ಹೇಳಿ ಅನ್ನುತ್ತದಲ್ಲ, ಅಷ್ಟು ಸಾಕು ಶುರುವಿಗೆ.

ಹಳೇ ಮೌಸ್:
ಸೆಮಿಕೋಲನ್, ಒಂದು ನೇರ ಪ್ರಶ್ನೆ, ಬೇಜಾರು ಮಾಡ್ಕೋಬೇಡಿ. ನಿಮ್ಮದನ್ನು ಕೊಳ್ಳುವವರಿಗೆ ಷರತ್ತು ಯಾವಾಗ ಕಾಣುತ್ತೆ? ಹತ್ತು ಪುಟವೂ ಬೇಡ. ‘ಒಂದೇ ಕಂಪ್ಯೂಟರ್, ಮರುಮಾರಾಟ ಇಲ್ಲ, ವ್ಯಾಪಾರಕ್ಕೆ ಇಲ್ಲ’ ಅಂತ ಮೂರು ಸಾಲು ಬೆಲೆಯ ಪಕ್ಕದಲ್ಲಿ ಇದ್ದಿದ್ದರೆ ನಾನು ಈ ಜಗಳವನ್ನೇ ತೆಗೆಯುತ್ತಿರಲಿಲ್ಲ.

ಸೆಮಿಕೋಲನ್:
ಈಗ ತಾನೇ ಹೋಗಿ ನೋಡಿದೆ. ಹಣ ಕಟ್ಟುವ ಬಟನ್ ಮೇಲಿದೆ. ಲೈಸೆನ್ಸ್ ಲಿಂಕ್ ಪುಟದ ತೀರಾ ಕೆಳಗೆ, ಬೂದು ಬಣ್ಣದಲ್ಲಿ. ನಾನೇ ಹಾಕಿದ್ದು, ನನಗೇ ಹುಡುಕಬೇಕಾಯ್ತು. ಮೂರು ಸಾಲು ಬರೆದು ಮೇಲೆ ಹಾಕುತ್ತೇನೆ, ಬರೆದಾದ ಮೇಲೆ ಅರ್ಥ ಆಗುತ್ತಾ ಇಲ್ವಾ ಅಂತ ನೀವೇ ನೋಡಿ ಹೇಳಿ.